ಬಾಡಿಗಿ ಇಲ್ಲದ ಮಂಚ

ಹುಬ್ಬಳ್ಳ್ಯಾಗ, ಗದಗ ರಸ್ತೆಯ ಆ ಕಲ್ಲಿನ ಕಟ್ಟಡಕ್ಕ
ಲಾಡ್ಜ್ ಅಂತ ಹೆಸರು.
ಬಸ್ ತಪ್ಪಿದವರು ಚೀಲ ಹಿಡಕೊಂಡು ಬಂದು
ಖೋಲಿ ಎಷ್ಟರಿ ಅಂತ ಕೇಳಿ ಹೋಗ್ಯಾರ.
ನಮ್ಮ ಓಣಿಯವರು ದೆವ್ವದ ಬಂಗ್ಲೆ ಅಂತಾರ:
ತಿಂಗಳಿಗೊಮ್ಮೆ ರಾತ್ರಿ ದೀಪ, ಹಾಕಿದ ಕದ,
ಒಳಗ ಕರೀ ಕೋಟಿನವರು.
ಏನ ಮಾಡ್ತೀರಿ ಅಂದ್ರ ಯಾರೂ ಬಾಯಿ ಬಿಡೂದಿಲ್ಲ.

ನಾ ನೋಡಿದ್ದು ಗೇಟಿನ ಮ್ಯಾಲಿನ ಗುರುತ:
ಒಂದು ಗುನ್ಯಾ, ಒಂದು ಕೈವಾರ.
ನನ್ನ ಚೀಲದಾಗಿನ ಸಾಮಾನು
ಯಾರೋ ಕದ್ದು ಕಬ್ಬಿಣಕ್ಕ ಬೆಸದಂಗ.
ಗೌಂಡ್ಯಾರ ಸಂಘ ಇರಬೇಕು ಅಂತ
ಸೈಕಲ್ ನಿಲ್ಲಿಸಿ ಕೇಳಿದ್ದೆ ಒಂದು ಸಲ.
ವಾಚಮನ್ ನಕ್ಕಿದ್ದ.

ಪಾರವ್ವನ ಸೊಂಟದ ಎಲುಬು ಮುರಿದ ವರ್ಷ
ಕಿಮ್ಸಿನ ನರ್ಸಬಾಯಿ ಚೀಟಿ ಬರದು ಕೊಟ್ಲು:
ಹಿಡಿಕಿ ತಿರುವಿದ್ರ ತಲಿಗಡೆ ಏಳೂವಂಥ ಮಂಚ,
ಅಲ್ಲಿ ಕೇಳ್ರಿ.
ಅಲ್ಲಿ ಅಂದ್ರ ಅಲ್ಲೇ.
ಫರ್ನಾಂಡಿಸ್ ಅಂತ, ಗೂಡ್ಸ್ ಗಾಡಿ ಕಡೀ ಡಬ್ಬಿಯಾಗ
ಮೂವತ್ತು ವರ್ಷ ಒಬ್ಬರ ಕೂತು ಬಂದ ಗಾರ್ಡ್,
ದಪ್ಪ ವಹಿ ತಗದ್ರು. ಹೆಸರು? ಯಮನೂರಪ್ಪ ಗೌಂಡಿ.
ಪೆನ್ನು ನಿಂತಿತು. ‘ಗೌಂಡಿ ಅಡ್ಡಹೆಸರೋ, ಕೆಲಸೋ?’
ಎರಡೂ ಅಂದೆ.
‘ನಾವೂ ಗೌಂಡ್ಯಾರ’ ಅಂದ್ರು.
ಅವರ ಕೈ ನೋಡಿದೆ. ಸಿಮೆಂಟ್ ತಿಂದ ಕೈ ಅಲ್ಲ.

ಬಾಡಿಗಿ ಇಲ್ಲ. ಅಡವು ಇಲ್ಲ. ಫೋಟೋನೂ ತಗೀಲಿಲ್ಲ,
ನಾಕ ನೋಟಬುಕ್ ಹಂಚಿ
ಹನ್ನೆರಡು ಮಂದಿ ಫೋಟೋಕ್ಕ ನಿಲ್ಲೂ ಊರಾಗ.
‘ಕೆಲಸ ಮುಗದ ಮ್ಯಾಲೆ ತಂದು ಬಿಡ್ರಿ.’
ಇಷ್ಟ.

ಟಂಟಂದಾಗ ಮಂಚ ಬಂತು.
ನಮ್ಮ ಮನಿ ನೆಲ ಮೋರಿ ಕಡೆ ವಾಲಿದ್ದು, ನಾನ ಹಾಕಿದ್ದು.
ಮಂಚ ಕುಂಟಿತು.
ಪಾರವ್ವ ಅಂದ್ಲು: ಊರ ಮನಿಗೆಲ್ಲಾ ಮಟ್ಟಾ ನೋಡಾಂವ
ನನ್ನ ಮಲಗಿಸಾಕ ಇಂಥಾ ನೆಲ ಇಟ್ಟಿಯಲ್ಲೋ.
ಒಂದು ಕಾಲಿಗೆ ಫರಸಿ ಚಕ್ಕಿ ಕೊಟ್ಟೆ.
ಲೆವಲ್ ಪಟ್ಟಿ ಆಕಿ ಮಗ್ಗಲಕ್ಕ ಇಟ್ಟು
ಗುಳ್ಳಿ ನಡುವ ಬರೂತನಕ ಕುಂತೆ.
ಹನ್ನೆರಡು ವಾರ. ಎದ್ದಳು.

ಮಂಚ ತಿರುಗಿ ಕೊಡಾಕ ಹೋದಾಗ
ಒಳಗಿನ ಖೋಲಿ ಕದ ತೆರದಿತ್ತು.
ಕರೀದು ಬಿಳೀದು ಚೌಕದ ನೆಲ, ಪಗಡಿ ಹಾಸಿನಂಗ.
ಹೊಸ್ತಲದಾಗ ನಿಂತು ಅಂದೆ:
ಸಾಹೇಬ್ರ, ಆ ಮೂಡಣ ಮೂಲಿ ಗುನ್ಯಾಕ್ಕಿಲ್ಲ. ಅರ್ಧ ಇಂಚು ತಪ್ಪೇತಿ.
ಕರ್ಜಗಿ ವಕೀಲರಿಗೆ ಮೂಗಿನ ತುದಿಯಾಗ ಸಿಟ್ಟು.
ನೂರು ವರ್ಷದ ನೆಲ ಅಂದ್ರು.
ನೂರು ವರ್ಷದಿಂದ ತಪ್ಪೇತ್ರಿ ಅಂದೆ.

ಮೂರು ದಿನ ಒಳಗಿದ್ದೆ. ಏನ ನೋಡಿದಿ ಅಂತ
ಓಣಿ ಮಂದಿ ಇನ್ನೂ ಕೇಳ್ತಾರ.
ದೊಡ್ಡ ಕುರ್ಚಿ ಹಿಂದ, ಪರದೆ ಸರಿಸಿದ್ರ,
ಬಗಲಗೋಲು, ವಾಕರ್, ಕಮೋಡ್ ಕುರ್ಚಿ, ಒಂದರ ಮ್ಯಾಲೊಂದು,
ದಾರದಾಗ ಕಟ್ಟಿದ ಚೀಟಿ:
ವೀರಾಪುರ ಓಣಿ. ಬಿಡನಾಳ. ಸೆಟ್ಲಮೆಂಟ್.
ವಹಿಯ ಕಡೀ ಕಾಲಂ: ಸಾಮಾನು ಯಾಕ ತಿರುಗಿ ಬಂತು.
ಕೆಲವು ಸಾಲಿಗೆ ‘ಎದ್ದರು’.
ಭಾಳ ಸಾಲಿಗೆ ಬರೀ ಒಂದು ಗೀಟು,
ಪಟ್ಟಿ ಹಿಡದು ಎಳದಂಗ ನೆಟ್ಟಗ.

ಮೂರು ದಿನದ ಕೂಲಿ ತಗೊಂಡೆ. ಅದು ಕೆಲಸ.
ಹೋಗೂಮುಂದ ಚಾಷ್ಟಿಗೆ ಕೇಳಿದೆ:
ನಾನೂ ಗೌಂಡೀನ ಅಲ್ಲೇನ್ರಿ, ನನ್ನೂ ಒಳಗ ತಗೋತೀರೇನು?
ಎಲ್ಲಾರೂ ನಕ್ಕರು, ಕರ್ಜಗಿ ವಕೀಲರೂ.
ನಗಿ ಮುಗದ ಮ್ಯಾಲೆ ಯಾರೂ ಏನೂ ಅನಲಿಲ್ಲ.
ಚಹಾ ಬಂತು.

ಈಗ ಮಂಚ ಹೊರಬಿದ್ರ ಫರ್ನಾಂಡಿಸ್ ಫೋನ್ ಮಾಡ್ತಾರ.
ನಿನ್ನೆ ಮಂಟೂರ ರಸ್ತೆ, ರಿಕ್ಷಾದ ಇಮಾಮಸಾಬನ ತಾಯಿ.
ಅವರ ನೆಲ ನಮ್ಮದಕ್ಕಿಂತ ಖೊಟ್ಟಿ, ಮೂರು ಚಕ್ಕಿ ಹಿಡದವು.
ನೀ ಆ ಬಂಗ್ಲೆಯಾಂವೇನು, ಮುದುಕಿ ಕೇಳಿದ್ಲು.
ಇಲ್ಲ ಯವ್ವಾ, ನಾ ಗೌಂಡಿ
ಅಂದೆ. ಇನ್ನೊಂದು ಸಲ ಪಟ್ಟಿ ಇಟ್ಟು ನೋಡಿದೆ.