ಒಡೆದದ್ದಕ್ಕೆ ಸೇಕಡಾ ಐದು

ಗುತ್ತಲು ರಸ್ತೆಯಲ್ಲಿ ತಗಡಿನ ಸೈಟ್ ಆಫೀಸು.
ಕಬ್ಬು ಅರೆಯುವ ತಿಂಗಳು; ಕಾರ್ಖಾನೆಯ ಕಾಕಂಬಿ ವಾಸನೆ
ಕೊಟೇಶನ್ ಕಾಗದಕ್ಕೂ ಅಂಟಿದೆ.
ಮೇಜಿನ ಮೇಲೆ ಮೂವರು ವ್ಯಾಪಾರಿಗಳ ಮೂರು ಲಕೋಟೆ.
ಕಿಟಕಿಯಾಚೆ ಹೆರಿಗೆ ಆಸ್ಪತ್ರೆ,
ಪಾಯದಿಂದ ಮೇಲೆ ಎದ್ದಿಲ್ಲ ಇನ್ನೂ.

ಧನುಶ್ರೀಯ ಪರದೆಯಲ್ಲಿ ಮಾತ್ರ ಎದ್ದು ನಿಂತಿದೆ.
ಬೆಲ್ಲದಚ್ಚು ಕೊಳ್ಳುವವರ ಹಾಗೆ
ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುತ್ತಾಳೆ.
ಗೋಡೆ ಮುಟ್ಟಿದರೆ ಗೋಡೆ ಇಟ್ಟಿಗೆಯ ಲೆಕ್ಕ ಹೇಳುತ್ತದೆ,
ಬಾಗಿಲು ಮುಟ್ಟಿದರೆ ತಿರುಗಣಿಯ ಲೆಕ್ಕ.
‘ನೆಲ ಮುಟ್ಟಿ ಸರ್’ ಅಂದಳು. ಮುಟ್ಟಿದೆ.
ಹನ್ನೊಂದು ಸಾವಿರದ ಆರುನೂರ ನಲವತ್ತೆರಡು ಟೈಲು.

ಮೂವತ್ತೊಂದು ವರ್ಷ ನಾನು ನೆಲ ಕೊಂಡದ್ದು ಹೀಗಲ್ಲ.
ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಸಿಗರೇಟು ಪ್ಯಾಕಿನ ಬೆನ್ನು.
ಉದ್ದ ಅಗಲ ಗುಣಿಸಿ, ಕೊನೆಗೆ ಕಣ್ಣು ಮುಚ್ಚಿ
ಒಡೆದದ್ದಕ್ಕೆ ಸೇಕಡಾ ಐದು.

ಅಗ್ಗದ ಲಕೋಟೆ ಇನಾಯತುಲ್ಲಾರದು; ನನ್ನ ಕೈ ಅದರ ಮೇಲೇ ಇತ್ತು.
‘ಒಂದ್ನಿಮಿಷ’ ಎಂದು ಅವರ ಟೈಲನ್ನು ಪರದೆಯಲ್ಲೇ ಹಾಸಿದಳು.
ಎರಡೂವರೆ ಅಡಿಯದು. ವಾರ್ಡಿನ ಓಣಿ ಒಂಬತ್ತಡಿ.
ಸಾಲಿಗೆ ಮೂರು ಇಡಿ, ನಾಲ್ಕನೆಯದಕ್ಕೆ ಕತ್ತರಿ,
ಕತ್ತರಿಸಿ ಮಿಕ್ಕಿದ ಒಂದಡಿ ಯಾತಕ್ಕೂ ಬಾರದ್ದು.
ಓಣಿಯ ಅಂಚಿಡೀ ಕೆಂಪಾಯಿತು.
ದರ ಕಡಿಮೆಯ ಲಕೋಟೆ ನೆಲದ ಮೇಲೆ ದುಬಾರಿ.
ಒಂದೂವರೆ ಅಡಿಯದಾದರೆ ಆರು. ಸರಿಯಾಗಿ ಆರು.

ಜಗಳ ಆಡುವ ಹಾಗಿಲ್ಲ ಇದರ ಜೊತೆ.
ಹೋದ ವಾರ ಹೆರಿಗೆ ಕೋಣೆಯ ತೊಲೆಯನ್ನು
ಆಕ್ಸಿಜನ್ ಕೊಳವೆ ಇರಿದು ಹೋಗುವುದನ್ನು ತೋರಿಸಿಕೊಟ್ಟದ್ದು ಇದೇ.
ನಾನಾಗಿದ್ದರೆ ಕೊಳವೆ ಕೊಂಡು, ಕಾಂಕ್ರೀಟು ಸುರಿಸಿ,
ಆಮೇಲೆ ಒಡೆಸುತ್ತಿದ್ದೆ.
ಒಡೆಸಿದ್ದೇನೆ. ಎರಡು ಸಲ.

‘ವೇಸ್ಟೇಜು ಎಷ್ಟು ಹಾಕಲಿ ಸರ್?’
ಖಾಲಿ ಚೌಕದಲ್ಲಿ ಗೆರೆಯೊಂದು ಮಿಟುಕುತ್ತಿತ್ತು.

ಆ ಐದರ ಕತೆ ಹುಡುಗಿಗೆ ಗೊತ್ತಿಲ್ಲ.
ಸ್ಟೋರಿನ ಚಿಕ್ಕಬೋರಯ್ಯನ ಅಡಿಗೆಮನೆಯ ನೆಲ ಅದು:
ಒಲೆಯ ಹತ್ತಿರ ಮದ್ದೂರಿನ ಬ್ಯಾಂಕು,
ಹಂಡೆಯ ಕೆಳಗೆ ಶ್ರೀರಂಗಪಟ್ಟಣದ ಛತ್ರ,
ಹೊಸಿಲ ಬಳಿ ಬಿಳಿಯವುಗಳ ನಡುವೆ ಒಂದೇ ಒಂದು ನೀಲಿ,
ಯಾವ ಕಟ್ಟಡದ್ದೋ ನನಗೂ ಮರೆತಿದೆ.
ಬೆಳಗೆದ್ದು ನೆಲ ಒರೆಸುವಾಗ ಅವನ ಹೆಂಡತಿ
ಅರ್ಧ ಜಿಲ್ಲೆಯನ್ನೇ ಒರೆಸುತ್ತಾಳೆ.
ಕದ್ದದ್ದೆ? ಬಿಲ್ಲಿನಲ್ಲಿತ್ತು. ಕೊಟ್ಟದ್ದೆ? ಯಾರೂ ಕೊಡಲಿಲ್ಲ.
ಉಳಿದದ್ದು. ಉಳಿದದ್ದು ಎಲ್ಲಿಗಾದರೂ ಹೋಗಬೇಕಲ್ಲ.
ನನ್ನ ಬಚ್ಚಲುಮನೆಯ ಗೋಡೆಯ ಮಾತು ಈಗ ಬೇಡ.

ಎರಡು, ಅಂದೆ.
ಅಂದದ್ದು ನಾನೇ.

ಮೂರನೆ ಮಹಡಿಯ ಸೆಂಟ್ರಿಂಗ್ ಬಿಚ್ಚಿದ ವಾರ ಲಾರಿ ಬಂತು.
ಧನುಶ್ರೀ ಟ್ಯಾಬಿನಲ್ಲಿ, ಚಿಕ್ಕಬೋರಯ್ಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ,
ಐದೈದಕ್ಕೆ ಒಂದು ಅಡ್ಡಗೀಟು.
ಇಬ್ಬರ ಲೆಕ್ಕವೂ ಒಂದೇ ಆಯಿತು, ಇಬ್ಬರಿಗೂ ಆಶ್ಚರ್ಯ.
ಅಷ್ಟರಲ್ಲಿ ಕೊನೆಯ ಡಬ್ಬ ಯಾರದೋ ಹೆಗಲಿಂದ ಜಾರಿ
ಫಳ್ಳೆಂದಿತು.

ಪರದೆಯ ಆಸ್ಪತ್ರೆಯಲ್ಲಿ ಈ ಸದ್ದು ಇರಲಿಲ್ಲ.

‘ನಿಮ್ಮ ಎರಡ್ರಲ್ಲಿ ಒಸಿ ಹೋಯ್ತು ಬುದ್ಧೀ’ ಅಂದ.
ನಗಲಿಲ್ಲ, ಕೇಳಲೂ ಇಲ್ಲ ಏನನ್ನೂ.
ಕುಕ್ಕುರುಗಾಲಲ್ಲಿ ಕೂತು ಚೂರುಗಳನ್ನು
ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಿಸಿದ,
ದೊಡ್ಡವು ಬೇರೆ, ಚಿಕ್ಕವು ಬೇರೆ.
ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುತ್ತಾ ಹೇಳಿದ:
‘ಜಗುಲಿ ಇನ್ನೂ ಸಗಣಿ ನೆಲವೇ ಅದೆ.’

ಅವನು ಗೇಟು ದಾಟುವವರೆಗೂ ನೋಡುತ್ತಿದ್ದಳು ಹುಡುಗಿ.
ಆಮೇಲೆ ಟ್ಯಾಬಿನತ್ತ ಬಗ್ಗಿ, ಮೆಲ್ಲಗೆ,
‘ಸರ್, ಚೂರಿಗೆ ಯೂನಿಟ್ ಏನು ಬರೀಲಿ?’

ಚೀಲ, ಅಂದೆ.