ಬಸ್ಸು ಸಿಗಲಿಲ್ಲ

ಬೈತಖೋಲ ಬಂದರಿನ ಐಸ್ ಪ್ಲಾಂಟು, ರಾತ್ರಿ ಹತ್ತೂವರೆ.
ಪರದೆಯ ಮೇಲೆ ಒಂದೇ ಸಾಲು:
ಬಸ್ಸಿಗೆ ಸಂಪರ್ಕ ಸಿಗಲಿಲ್ಲ.

ಶೇವಂತಿ ತಾಂಡೇಲ ಇಣುಕಿ ನಕ್ಕಳು,
"ಮಾಜಾಳಿ ಬಸ್ಸಾ? ಅದು ಒಂಬತ್ತಕ್ಕೇ ಹೋಯ್ತಲ್ಲ."

ಅದಲ್ಲ ಮಾರಾಯ್ತಿ. ಒಳಗೆ
ಥಂಡಿ ಅಳೆಯುವವನಿದ್ದಾನೆ, ತೂಕ ಬರೆಯುವವನಿದ್ದಾನೆ,
ಅವರನ್ನು ಎಬ್ಬಿಸಿ ಮಲಗಿಸುವ ಮುಕಾದಮನೂ
ಎದ್ದೇ ಕೂತಿದ್ದಾನೆ. ನನ್ನ ಕರೆ
ಒಯ್ಯುವವರಿಲ್ಲ.
ಬೇರೆಯವರ ಹೆಸರಲ್ಲಿ ಒಳಹೊಕ್ಕೆ ನಾನು;
ಅವನ ಬಾಗಿಲ ವಿಳಾಸ ಜೊತೆಗೆ ಬರಲೇ ಇಲ್ಲ.

ಅವಳು ಕೇಳಿಸಿಕೊಂಡಳೋ ಇಲ್ಲವೋ.
ಕತ್ತಲ ಕಡೆ ತಿರುಗಿ, ಎರಡು ಬೆರಳು ಬಾಯಿಗಿಟ್ಟು
ಸಿಳ್ಳೆ ಹಾಕಿದಳು.
ಮೂರನೇ ದೋಣಿಯಲ್ಲಿ ಒಂದು ದೀಪ ಎದ್ದಿತು.

ಹೊರಬಿದ್ದು, ಸರಿಯಾದ ಹೆಸರು ಹಿಡಿದು
ಮತ್ತೆ ಬಾಗಿಲು ತಟ್ಟಿದೆ.

ಒಳಗಿಂದ ಯಾರೋ
ಹ್ಞಾಂ ಎಂದರು.