ಗಾಳಿ ಬಿಟ್ಟ ಮೇಲೆ

ಇಪ್ಪತ್ತಾರು ಸಾವಿರ. ಕಂತಿನಲ್ಲಿ.
ಒಂದು ಗನ್ನು, ಎರಡು ಬ್ಯಾಟರಿ, ಚಾರ್ಜರು,
ಮುಚ್ಚಿದರೆ ಟಕ್ಕೆನ್ನುವ ಕಪ್ಪು ಪೆಟ್ಟಿಗೆ.
ಶ್ರೀನಿವಾಸಪುರದ ಚಿಂತಾಮಣಿ ರಸ್ತೆಯ ನಮ್ಮ ಶೆಡ್ಡಿನಲ್ಲಿ
ಅದನ್ನು ಬಿಚ್ಚಿದ ದಿನ ಸೊಣ್ಣಪ್ಪ
ಕೈ ತೊಳೆದು ಬಂದು ಮುಟ್ಟಿದ.
ಸೊಣ್ಣಪ್ಪ ಕೈ ತೊಳೆಯುವುದು
ಊಟಕ್ಕೂ ಅನುಮಾನ.

ಅಮೀರ್‌ಜಾನ್ ಉಸ್ತಾದರು ಮಾತ್ರ ಎದ್ದು ಬರಲಿಲ್ಲ.
ಕಂಪ್ರೆಸರಿನ ಪಕ್ಕ ಹಳೇ ಟೈರಿನ ಮೇಲೆ ಕೂತೇ ಕೇಳಿದರು:
"ಉಸಿರೆಲ್ಲಿದೆಯೋ ಇದಕ್ಕೆ?"

ನಿಜ, ಕಂಪ್ರೆಸರಿಗೆ ಉಸಿರಿತ್ತು.
ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಮೊದಲು ಕೆಮ್ಮು,
ಆಮೇಲೆ ಒಂದೇ ಸಮನೆ ಧಡಧಡ,
ಮುಳ್ಳು ನೂರಿಪ್ಪತ್ತಕ್ಕೆ ಏರಿ ಸುಸ್ತಾಗಿ ನಿಲ್ಲುವವರೆಗೂ
ಪಕ್ಕದ ಮಿಲ್ಲಿನ ರಾಗಿ ಹಿಟ್ಟು ನಡುಗುತ್ತಿತ್ತು.
ಸಂಜೆ ತಳದ ನಲ್ಲಿ ತಿರುಗಿಸಿ
ದಿನವಿಡೀ ಅದು ಕುಡಿದ ನೀರನ್ನು ಬಸಿಯಬೇಕು,
ತುಕ್ಕು ಬಣ್ಣದ, ಕಾಫಿಯಂಥ ನೀರು.
ಮರೆತರೆ ಮರುದಿನ ಗನ್ನು ಮುಖಕ್ಕೇ ಉಗಿಯುತ್ತದೆ.
ಇಲ್ಲಿ ನಾನು ಕಲಿತ ಮೊದಲ ಕೆಲಸ ಅದು,
ಸ್ಪ್ಯಾನರ್ ಹಿಡಿಯುವುದಕ್ಕೂ ಮುಂಚೆ.

ಆದರೆ ಆ ಪೈಪು.
ಹಾವಿನ ಹಾಗೆ ಅನ್ನಲಾರೆ, ಹಾವು ದಾರಿ ಬಿಡುತ್ತದೆ.
ಇದು ಕಾಲಿಗೆ ತೊಡರಿ, ಗಾಲಿಗೆ ಸಿಕ್ಕಿ,
ಎಳೆದಷ್ಟೂ ಎಳೆದರೆ ನಲವತ್ತಡಿ.
ಅದರಾಚೆ ಕೆಟ್ಟು ನಿಂತವನ ಪಾಡು ಅವನದು.

ಮಾವಿನ ಸುಗ್ಗಿ. ಮಂಡಿಗಳ ಮುಂದೆ ರಾತ್ರಿಯೆಲ್ಲ ಗಾಡಿ ಸಾಲು.
ಒಂದೂವರೆಗೆ ಫೋನು: ರಾಯಲ್ಪಾಡಿನ ಹತ್ತಿರ ಪಿಕಪ್ಪು,
ಟೈರು ಸಿಡಿದಿದೆ, ಮೇಲೆ ಬಾದಾಮಿ ಹಣ್ಣು,
ಬೆಳಗಾದರೆ ಅರ್ಧ ಬೆಲೆ.
ಕರೆಂಟಿಲ್ಲ. ಪೆಟ್ಟಿಗೆಯನ್ನು ಟಿವಿಎಸ್ಸಿನ ಮುಂದೆ
ಹಾಲಿನ ಕ್ಯಾನು ಇಡುವ ಜಾಗದಲ್ಲಿಟ್ಟು ಹೋದೆ.
ಹುಣಸೆ ಮರದಡಿ, ಮೊಬೈಲ್ ಬೆಳಕಲ್ಲಿ
ಗುಂಡಿ ಒತ್ತಿದೆ.
ಕಟಕಟಕಟ. ಸಡಿಲ.
ಕಟಕಟ. ಸಡಿಲ.
ಡ್ರೈವರ್ ಬೈರಾರೆಡ್ಡಿ ನನ್ನ ಹಿಂದೆ ಕತ್ತಲಲ್ಲಿ
ಬಹಳ ಹೊತ್ತು ಪೈಪು ಹುಡುಕಿದ.

ಶೆಡ್ಡಿನಲ್ಲೀಗ ಸದ್ದಿಲ್ಲ.
ಅದಕ್ಕೆ ನಾವು ಸಿದ್ಧರಿರಲಿಲ್ಲ.
ಹದಿನೆಂಟು ವರ್ಷ ಕೈಸನ್ನೆಯಲ್ಲೇ ಬಾಳಿದವರು:
ಎರಡು ಬೆರಳೆಂದರೆ ಹತ್ತೊಂಬತ್ತರ ಸಾಕೆಟ್ಟು,
ಮುಷ್ಟಿಯೆಂದರೆ ನಿಲ್ಲಿಸು,
ತುಟಿಗೆ ಹೆಬ್ಬೆರಳೆಂದರೆ ಟೀ.
ಆ ಗದ್ದಲದ ಮರೆಯಲ್ಲಿ ಸೊಣ್ಣಪ್ಪ
ಗಿರಾಕಿಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದನೆಂದು
ಈಗ ತಿಳಿಯಿತು,
ಗಿರಾಕಿಗಳಿಗೂ.
ಮತ್ತೆ ಉಸ್ತಾದರು ನಾನಂದದ್ದಕ್ಕೆಲ್ಲ
ನಗುತ್ತ ತಲೆಯಾಡಿಸುತ್ತಿದ್ದದ್ದು
ಒಪ್ಪಿಗೆಯಲ್ಲ.
ಅವರಿಗೆ ಕೇಳಿಸುತ್ತಿರಲಿಲ್ಲ.
ಎಷ್ಟು ವರ್ಷದಿಂದ, ಎಂದು ಕೇಳಿದೆ.
ನಗುತ್ತ ತಲೆಯಾಡಿಸಿದರು.

ಸೋಮವಾರ ಒಂದು ಲಾರಿ ಬಂತು, ಹತ್ತು ಚಕ್ರದ್ದು.
ತುಕ್ಕು ಕಚ್ಚಿದ ನಟ್ಟಿನ ಮೇಲೆ ನನ್ನ ಗನ್ನು
ನಡುಗಿತು, ಚೀರಿತು, ಒಂದು ದೀಪಕ್ಕಿಳಿದು ಕೈಬಿಟ್ಟಿತು.
ಉಸ್ತಾದರು ಎದ್ದರು. ರಾಡಿಗೆ ಕಬ್ಬಿಣದ ಕೊಳವೆ ತೂರಿಸಿ
ತುದಿಯಲ್ಲಿ ಒಂದು ಕಾಲಿಟ್ಟು ನಿಂತರು,
ಅರವತ್ತೆಂಟರ ಮೈಯ ಅಷ್ಟೂ ಭಾರ.
ಟಣ್ ಎಂದದ್ದು ನಮಗೆ ಕೇಳಿತು,
ಅವರಿಗೆ ಪಾದದಲ್ಲಿ.

ಬಿಚ್ಚಿದ್ದು ಯಾರಾದರೇನು, ಟೈರಿಗೆ ಗಾಳಿಯೇ ಬೇಕಲ್ಲ.
ಕಂಪ್ರೆಸರ್ ಕೆಮ್ಮಿತು, ಧಡಧಡಿಸಿತು,
ಸೊಣ್ಣಪ್ಪನ ಬಾಯಿಗೆ ಮತ್ತೆ ಸ್ವಾತಂತ್ರ್ಯ ಬಂತು.
ಉಸ್ತಾದರು ಟ್ಯಾಂಕಿನ ಮೇಲೆ ಅಂಗೈ ಊರಿ
ಮುಳ್ಳು ನೋಡದೆಯೇ ಮುಷ್ಟಿ ಎತ್ತಿದರು:
ಸಾಕು.

ಸಂಜೆ ನಾನು ನೀರು ಬಸಿಯುತ್ತಿದ್ದಾಗ
ಅವರು ಬ್ಯಾಟರಿಯನ್ನು ಕೈಗೆತ್ತಿಕೊಂಡರು, ಮೊದಲ ಸಲ.
ತಿರುಗಿಸಿ, ತೂಗಿ, ಅದೇ ಅಂಗೈಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು
"ಜ್ವರ ಬಂದಿದೆ ಇದಕ್ಕೆ," ಎಂದರು,
"ಈಗಲೇ ಚುಚ್ಚಬೇಡ. ಆರಲಿ."